ಪೂಜೆಗೆ ಬಾರದ ಹೂವು

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ‘ವನಸುಮ’ ಪದ್ಯವನ್ನು ಶಾಲೆಯಲ್ಲೋ ಸಭೆಯಲ್ಲೋ ಕೇಳದವರು ನಮ್ಮ ಕಡೆ ಕಡಿಮೆ. ಎಲೆಯ ಹಿಂದೆ ಅಡಗಿ, ಸದ್ದಿಲ್ಲದೆ ಬಿರಿದು, ಹೊಗಳಿಕೆಯನ್ನು ಬಯಸದೆ ಕಂಪು ಚೆಲ್ಲಿ ಧನ್ಯವಾಗುವ ಕಾಡಿನ ಮಲ್ಲಿಗೆ. ನನ್ನ ಬಾಳೂ ಹಾಗೆ ಅರಳಲಿ ಎಂದು ಕವಿ ಬೇಡುತ್ತಾರೆ. ದಿನವೂ ದೇವರ ಮುಂದೆ ಹೂವಿಡುವ ನನ್ನನ್ನು ಈ ಪದ್ಯ ಬಹಳ ಕಾಡಿದೆ.

ಪೂಜೆಯ ಹೂವಿಗೆ ಒಂದು ದಾರಿಯಿದೆ. ತೋಟದಲ್ಲಿ ಕೊಯ್ದು, ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ತೂಗಿ, ಹಾರವಾಗಿ ಕಟ್ಟಿ, ದೇವರ ಕೊರಳಿಗೆ ಏರಿಸಿದಾಗ ಅದು ಸಾರ್ಥಕವಾಯಿತೆನ್ನುತ್ತೇವೆ. ಪತ್ರವನ್ನೋ ಪುಷ್ಪವನ್ನೋ ಭಕ್ತಿಯಿಂದ ಕೊಟ್ಟರೆ ಸ್ವೀಕರಿಸುತ್ತೇನೆ ಎಂದು ಗೀತೆಯಲ್ಲಿ ಶ್ರೀಕೃಷ್ಣನೂ ಹೇಳಿದ್ದಾನೆ. ಹಾಗಿದ್ದರೆ ಯಾರ ಕೈಗೂ ಸಿಗದೆ ಗುಡ್ಡದ ಪೊದೆಯಲ್ಲೇ ಬಾಡಿದ ಹೂವಿನ ಗತಿಯೇನು? ಗುಡಿಯ ಲೆಕ್ಕದಲ್ಲಿ ಅದು ವ್ಯರ್ಥ. ಕವಿಗೆ ಮಾತ್ರ ಅದೇ ಕೃತಾರ್ಥ. ದೇವರು ಎಲ್ಲೆಲ್ಲೂ ಇದ್ದಾನೆಂದು ನಿತ್ಯ ಹೇಳುವ ನಾವು ಆ ಮಾತನ್ನು ನಂಬುವುದಾದರೆ, ಆ ಹೂವು ಅರಳಿದ ಜಾಗವೇ ಅವನ ಸನ್ನಿಧಿ. ಅದಕ್ಕೆ ನನ್ನ ಬುಟ್ಟಿಯ ಅಗತ್ಯವಿಲ್ಲ.

ಇದನ್ನು ಯೋಚಿಸುವಾಗಲೆಲ್ಲ ನನಗೆ ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟ ನೆನಪಾಗುತ್ತದೆ. ಸೀತಾದೇವಿ ಲವಕುಶರನ್ನು ಹೆತ್ತದ್ದು ಅಲ್ಲಿಯೇ ಎಂಬುದು ನಮ್ಮ ಜನರ ನಂಬಿಕೆ. ಬೆಟ್ಟದ ಮೇಲೆ ಆಕೆಗೆ ಗುಡಿಯೂ ಇದೆ. ಪಟ್ಟದ ರಾಣಿಯಾಗಿದ್ದವಳು ಅಯೋಧ್ಯೆಯ ಕಣ್ಣಿಗೆ ಬೀಳದೆ, ಕಾಡಿನಲ್ಲಿ ಮಕ್ಕಳನ್ನು ಸಾಕಿದಳು. ಆ ವರ್ಷಗಳಲ್ಲಿ ಆಕೆಯನ್ನು ಯಾರು ಹೊಗಳಿದರು? ಆಕೆಯ ತೇಜಸ್ಸು ಅದರಿಂದ ಕುಂದಿತೇ?

ಅಕ್ಕಮಹಾದೇವಿಗೆ ವನವೆಲ್ಲ ಚೆನ್ನಮಲ್ಲಿಕಾರ್ಜುನನೇ ಆಗಿ ಕಂಡಿತು. ಆದರೂ ನನಗೇಕೆ ಮುಖ ತೋರಿಸಲೊಲ್ಲೆ ಎಂದು ಆಕೆ ಹಂಬಲಿಸಿದಳು. ಗುಂಡಪ್ಪನವರ ದಾರಿ ಬೇರೆ. ಮಲ್ಲಿಗೆಯೇ ದೇವರು ಎಂದು ಅವರು ಹೇಳುವುದಿಲ್ಲ, ದರ್ಶನವನ್ನೂ ಕೇಳುವುದಿಲ್ಲ. ಮಲ್ಲಿಗೆಯಂತೆ ಇರುವುದನ್ನು ನನ್ನ ಮನಸ್ಸಿಗೆ ಕಲಿಸು ಎನ್ನುತ್ತಾರೆ. ನನಗೆ ಇದು ಇನ್ನೂ ಕಠಿಣವಾದ ಬೇಡಿಕೆಯಾಗಿ ಕಾಣುತ್ತದೆ.

ಸಂಜೆಗೆ ಬಿರಿಯುವ ಮಲ್ಲಿಗೆಯ ಕಂಪು ಇರುಳಿನ ಪತಂಗಗಳನ್ನು ಕರೆಯುವುದಕ್ಕೆ, ಅವುಗಳಿಂದ ಪರಾಗಸ್ಪರ್ಶ ಆಗುವುದಕ್ಕೆ ಎಂದು ವಿಜ್ಞಾನ ಓದಿದವರು ವಿವರಿಸುತ್ತಾರೆ. ಅದು ನಿಜವೇ. ಪತಂಗಕ್ಕೆ ಮಕರಂದ ಸಿಕ್ಕಿತು, ಬಳ್ಳಿಗೆ ಬೀಜ ಕಟ್ಟಿತು. ಕೊಟ್ಟೆನೆಂಬ ಹೆಮ್ಮೆ ಮಾತ್ರ ಎರಡೂ ಕಡೆ ಇಲ್ಲ. ಭಗವಂತನ ಏರ್ಪಾಡು ಎಷ್ಟು ಸೊಗಸಾದದ್ದು ಎಂದು ನಾನು ಕೈಮುಗಿಯುತ್ತೇನೆ.

ಪದ್ಯದ ಕೊನೆಗೆ ಮಲ್ಲಿಗೆ ಹಿಂದೆ ಸರಿದು ಮರ ಬರುತ್ತದೆ: ಹೂವು ಹಣ್ಣು ತುಂಬಿ, ಬಂದವರಿಗೆಲ್ಲ ಆಸರೆ ಕೊಡುವ ಮರ. ನಮ್ಮ ಊರುಗಳ ಗುಂಡುತೋಪುಗಳೇ ನನ್ನ ಕಣ್ಣಿಗೆ ಕಟ್ಟುತ್ತವೆ. ಆ ಹುಣಸೆ, ಹೊಂಗೆ, ನೇರಳೆಗಳನ್ನು ನೆಟ್ಟವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಗುಡಿಯೊಳಗೆ ಮಾತ್ರ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರು ಬರೆಸುತ್ತೇವೆ. ಅದರ ಹಿಂದೆ ಪ್ರೀತಿಯಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಉಪಕಾರಿ ನಾನೆಂಬ ಭಾವವನ್ನೇ ಬಿಡಿಸು ಎನ್ನುವ ಈ ಪದ್ಯವನ್ನು ಆ ಫ್ಯಾನಿನ ಕೆಳಗೆ ಕುಳಿತು ಹಾಡುವಾಗ ಮನಸ್ಸು ತಡವರಿಸುತ್ತದೆ.

ನಮ್ಮ ಭಜನಾ ಮಂಡಳಿಯ ಹಿರಿಯರೊಬ್ಬರು ಒಮ್ಮೆ ಕೇಳಿದರು: “ಇದರಲ್ಲಿ ರಾಮನ ಹೆಸರಿಲ್ಲ, ಶಿವನ ಹೆಸರಿಲ್ಲ. ಹೂವಿನ ವರ್ಣನೆ ಭಜನೆ ಹೇಗಾದೀತು?”

ನಾನೆಂದೆ: “ಆರಂಭದಲ್ಲೇ ಗುರುವನ್ನು, ದೇವರನ್ನು ಕರೆದಿದ್ದಾರಲ್ಲ, ಸ್ವಾಮಿ. ಹೂವಿಗೆ ಪ್ರಾರ್ಥನೆ ಬೇಕಾಗಿಲ್ಲ, ಅದು ತಾನಾಗಿಯೇ ಹಾಗಿದೆ. ಮನುಷ್ಯ ಹಾಗಾಗಬೇಕಾದರೆ ದೇವರೇ ಕೈಹಿಡಿಯಬೇಕು. ಮಂಗಳಾರತಿಗೆ ಮುಂಚೆ ಇದನ್ನೂ ಹಾಡೋಣ.”

ನಮಸ್ಕಾರ.