ಹಂಚಿನ ಮೇಲಿನ ಇಸವಿ

ಕೇಳುಗರಿಗೆ ನಮಸ್ಕಾರ.

ಮಂಗಳೂರಿನಲ್ಲಿ ಎಲ್ಲಾದರೂ ಹಳೇ ಮನೆ ಕೆಡವುತ್ತಿದ್ದರೆ, ನಿಂತು ಹಂಚು ತಿರುಗಿಸಿ ನೋಡುವ ಚಾಳಿ ನನ್ನದು. ಹಾಗೆ ಒಂದು ಹಂಚು ಸಿಕ್ಕಿತು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಸರು, ಜೊತೆಗೆ 1865 ಎಂಬ ಅಂಕಿ. ಮನೆಗೆ ಬಂದವನೇ ಕಾದಂಬರಿ ಶುರು ಮಾಡಿದೆ. ಇವತ್ತು ಅಜ್ಜಿಮನೆಯ ಮಾಡು ಇಳಿಸುವ ಮೊಮ್ಮಗಳು. ಆಚೆ 1865ರಲ್ಲಿ ಆ ಹಂಚು ಸುಟ್ಟ ಕೆಲಸಗಾರ.

ನಲವತ್ತು ಪುಟ ಆದ ಮೇಲೆ ಹೊಳೆಯಿತು. 1865 ಅಂದರೆ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಮುಂದೆ ಸುಟ್ಟ ಹಂಚುಗಳ ಮೇಲೂ ಅದೇ ಅಂಕಿ! ತಲೆ ಚಚ್ಚಿಕೊಂಡೆ. ಆದರೆ ತಪ್ಪನ್ನು ಹೊಡೆದುಹಾಕಲಿಲ್ಲ, ಮೊಮ್ಮಗಳಿಗೆ ಕೊಟ್ಟುಬಿಟ್ಟೆ. ಅವಳು 1865 ಎಂದೇ ನಂಬಿದ್ದಾಳೆ. ಕೆಲಸಗಾರನನ್ನು ಮಾತ್ರ 1914ಕ್ಕೆ ತಂದೆ.

ಎರಡು ಕಾಲದ ಕಥೆಯಲ್ಲಿ ನಿಜವಾದ ಕಷ್ಟ ಇರುವುದು ಇಲ್ಲೇ. ಯಾರಿಗೆ ಏನು ಗೊತ್ತು, ಏನು ಗೊತ್ತಿಲ್ಲ? 1914ರ ಮನುಷ್ಯ ‘ಮೊದಲನೇ ಮಹಾಯುದ್ಧ’ ಅನ್ನಲಾರ. ಎರಡನೆಯದು ಇನ್ನೂ ಬಂದೇ ಇಲ್ಲ, ಅಲ್ವಾ? ಅವನಿಗೆ ಅದು ಸುಮ್ನೆ ‘ಯುದ್ಧ’.  ಅವನ ಊರು ಕುಡ್ಲ, ಅಂದರೆ ತುಳುವಿನಲ್ಲಿ ಮಂಗಳೂರು. ಅವನಿಗೆ ಗೊತ್ತಿರುವುದು ನೇತ್ರಾವತಿಯ ಜೇಡಿಮಣ್ಣು, ಹಂಚು ಸುಡುವ ಗೂಡಿನ ಬಿಸಿ, ಮಿಷನ್ನಿನ ಜರ್ಮನ್ ಪಾದ್ರಿಗಳ ಬಗ್ಗೆ ಎದ್ದಿರುವ ಗುಸುಗುಸು. ನಾಳೆ ಏನಾಗುತ್ತದೆ ಎಂದು ಅವನಿಗೇನು ಗೊತ್ತು? ಗೊತ್ತಿರುವವನು ನಾನು. ಬರೆಯುವಾಗ ನನ್ನ ಬಾಯಿ ಕಟ್ಟಿಕೊಳ್ಳುವುದೇ ಜಾಸ್ತಿ ಕಷ್ಟ.

ಮೊದಲು ಇಬ್ಬರಿಗೂ ‘ನಾನು’ ಎಂದೇ ಬರೆದಿದ್ದೆ. ಚಿಕ್ಕಮ್ಮನಿಗೆ ಓದಿ ಹೇಳಿದೆ. ಅಧ್ಯಾಯದ ಮೇಲಿನ ಇಸವಿ ಓದದೆ ಬಿಟ್ಟೆ, ಬೇಕೆಂದೇ. ಎರಡನೇ ಪುಟಕ್ಕೇ ತಡೆದರು: “ಮಾರಾಯ, ಈಗ ಮಾತಾಡ್ತಾ ಇರೋದು ಯಾರು?” ಸರಿಯಾಗಿ ಸಿಕ್ಕಿಬಿದ್ದೆ.

ಮೊಮ್ಮಗಳಿಗೆ ‘ನಾನು’ ಉಳಿಸಿದೆ. ಅವಳು ವಟವಟ ಮಾತಾಡುವವಳು, ತನ್ನ ಊಹೆಯನ್ನೆಲ್ಲ ನಿಜ ಅಂದುಕೊಳ್ಳುವವಳು. ಕೆಲಸಗಾರನನ್ನು ‘ಅವನು’ ಮಾಡಿದೆ. ಅವನ ಹೆಗಲ ಹಿಂದೆ ನಿಂತು, ಅವನ ಕಣ್ಣಿಗೆ ಬಿದ್ದಷ್ಟೇ ಹೇಳಿದೆ. ವಾಕ್ಯಗಳೂ ಸಣ್ಣವು. ಹಸಿ ಹಂಚು ಹೊತ್ತವನಿಗೆ ಉದ್ದ ಮಾತಿಗೆ ಪುರುಸೊತ್ತೆಲ್ಲಿ?

ಮೊನ್ನೆ ಚಿಕ್ಕಮ್ಮನಿಗೆ ಮತ್ತೆ ಓದಿದೆ, ಇಸವಿ ಇಲ್ಲದೆಯೇ. ಯಾರು ಎಂದು ಕೇಳಲಿಲ್ಲ. ಮೊಮ್ಮಗಳು ಹಂಚು ಒರೆಸಿ “1865!” ಎಂದು ಕುಣಿಯುವ ಜಾಗ ಬಂದಾಗ ಕನ್ನಡಕ ತೆಗೆದರು.

“ಅಯ್ಯೋ, ಆ ಹುಡುಗಿಗೆ ಯಾರಾದ್ರೂ ಹೇಳಬಾರ್ದಾ?”