ಹೊಳೆ ಹಿಡಿದು ಸೈಕಲ್ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿಗೆ ರೈಲು ಬಂದಿಲ್ಲ. ಆದ್ದರಿಂದ ಇಲ್ಲಿ ಸೈಕಲ್ ಸವಾರಿ ಮಾಡಬೇಕೆಂದು ಹೊರಟವರು ತಮ್ಮ ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡೋ, ಬಸ್ಸಿನವರನ್ನು ಒಪ್ಪಿಸಿಯೋ ತರುತ್ತಾರೆ. ಗಟ್ಟಿಗರಾದವರು ಮೈಸೂರಿನಿಂದ ಮಡಿಕೇರಿಯವರೆಗಿನ ಸುಮಾರು 120 ಕಿಲೋಮೀಟರನ್ನು ತುಳಿದುಕೊಂಡೇ ಬರುತ್ತಾರೆ. ಹೇಗೆ ಬಂದರೂ ಅವರ ಕೈಯಲ್ಲಿರುವ ಪಟ್ಟಿ ಸಾಮಾನ್ಯವಾಗಿ ಒಂದೇ ಬಗೆಯದು: ಅಬ್ಬಿ ಜಲಪಾತ, ರಾಜಾಸೀಟು, ತಲಕಾವೇರಿ, ದುಬಾರೆ. ಕಾರಿನಲ್ಲಿ ಸುತ್ತುವವರಿಗೆಂದು ಸಿದ್ಧವಾದ ಆ ಪಟ್ಟಿಯನ್ನು ಸೈಕಲ್ ಸವಾರರು ಬದಿಗಿಟ್ಟು, ಜಿಲ್ಲೆಯ ಹೊಳೆಗಳು ಎತ್ತ ಹರಿಯುತ್ತವೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಕಾರಣ ಹೀಗಿದೆ. ಕಾವೇರಿ 1276 ಮೀಟರ್ ಎತ್ತರದ ತಲಕಾವೇರಿಯಿಂದ ಹೊರಟು ತೀರ ಕಡಿಮೆ ದೂರದಲ್ಲೇ ಭಾಗಮಂಡಲಕ್ಕೆ ಇಳಿದುಬಿಡುತ್ತಾಳೆ. ಆದರೆ ಅಲ್ಲಿ ಕನ್ನಿಕೆ, ಸುಜ್ಯೋತಿ ಎಂಬ ನದಿಗಳನ್ನು ಕೂಡಿಕೊಂಡ ಮೇಲೆ ನಾಪೋಕ್ಲು, ಸಿದ್ದಾಪುರಗಳ ಮಗ್ಗುಲಲ್ಲಿ ಬಳಸಿ ಹರಿದು ಕುಶಾಲನಗರ ಮುಟ್ಟುವಷ್ಟರಲ್ಲಿ ಅವಳು ಇಳಿಯುವುದು ಹೆಚ್ಚುಕಡಿಮೆ ನೂರು ಮೀಟರಿನೊಳಗೆ. ಬೆಟ್ಟದ ಜಿಲ್ಲೆ ಎಂದು ಹೆಸರಾದ ಈ ನಾಡಿನ ನಡುವೆ ನದಿ ಇಷ್ಟು ನಿಧಾನವಾಗಿ ಹರಿಯುವುದರಿಂದಲೇ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಭಾಗಮಂಡಲ–ನಾಪೋಕ್ಲು ರಸ್ತೆಯ ಮೇಲೆ ನೀರು ಬಂದು ಸಂಚಾರ ನಿಂತಿದೆ ಎಂಬ ಸುದ್ದಿಯನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಮಳೆಗಾಲದಲ್ಲಿ ತೊಂದರೆ ಕೊಡುವ ಆ ಸಮತಟ್ಟೇ ಮಳೆ ಕಳೆದ ಮೇಲೆ ಸೈಕಲ್ ಸವಾರನಿಗೆ ಅನುಕೂಲವಾಗಿ ಪರಿಣಮಿಸುತ್ತದೆ. ಹೊಳೆಯ ಜೊತೆಯಲ್ಲಿ ಸಾಗುವ ರಸ್ತೆಯಲ್ಲಿ ಗದ್ದೆಗಳ ಅಂಚು ಹಿಡಿದು ಆರಾಮವಾಗಿ ಹೋಗಬಹುದು.

ಹೊಳೆಗಳನ್ನು ಅಡ್ಡಹಾಯುವ ರಸ್ತೆಗಳ ಸ್ವಭಾವ ಬೇರೆ. ಅವು ಗದ್ದೆಯಿಂದ ಬಾಣೆಗೆ, ಅಂದರೆ ಗದ್ದೆಗೆ ಸೇರಿದ ಮೇಲಿನ ದಿಣ್ಣೆಗೆ, ಬಾಣೆಯಿಂದ ಕಾಫಿ ತೋಟದ ನೆತ್ತಿಗೆ ಏರಿ, ಆಚೆಯ ತೋಡಿಗೆ ಇಳಿದು, ಸೇತುವೆ ದಾಟಿದೊಡನೆ ಮತ್ತೆ ಏರತೊಡಗುತ್ತವೆ. ಒಂದೊಂದು ಏರೂ ಮೂವತ್ತು ನಲವತ್ತು ಮೀಟರಿನದಾದರೂ, ಅಂಥ ಇಪ್ಪತ್ತು ಏರುಗಳನ್ನು ಕೂಡಿಸಿದರೆ ಭಾಗಮಂಡಲದಿಂದ ತಲಕಾವೇರಿಗೆ ಎರಡು ಸಲ ಹತ್ತಿದಷ್ಟಾಗುತ್ತದೆ. ನಕ್ಷೆಯಲ್ಲಿ ಕಿಲೋಮೀಟರ್ ಮಾತ್ರ ನೋಡಿ ಹೊರಟವರು ಮಧ್ಯಾಹ್ನದ ಹೊತ್ತಿಗೆ ಸೈಕಲ್ ತಳ್ಳಿಕೊಂಡು ನಡೆಯುವುದು ಇದರಿಂದಲೇ. ಹೊರಡುವ ಮೊದಲು ಒಟ್ಟು ಏರು ಎಷ್ಟು ಮೀಟರ್ ಎಂದು ನೋಡಿಕೊಳ್ಳಬೇಕು. ಈಗ ಮೊಬೈಲಿನ ನಕ್ಷೆಗಳೇ ಇದನ್ನು ತೋರಿಸುತ್ತವೆ.

ನಾನು ಮೊದಲಿಗೆ ಹೇಳಬಯಸುವ ಸುತ್ತು ಮೂರ್ನಾಡು, ಮಡಿಕೇರಿ, ಭಾಗಮಂಡಲ, ನಾಪೋಕ್ಲು, ಮರಳಿ ಮೂರ್ನಾಡು. ಒಟ್ಟು 80 ಕಿಲೋಮೀಟರಿನ ಆಸುಪಾಸು. ಇದನ್ನು ಬಹುತೇಕ ಎಲ್ಲರೂ ಮಡಿಕೇರಿಯಿಂದಲೇ ಆರಂಭಿಸುತ್ತಾರೆ, ಏಕೆಂದರೆ ವಸತಿಗೃಹಗಳು ಅಲ್ಲಿವೆ. ಹಾಗೆ ಮಾಡಿದರೆ ಬೆಳಗ್ಗೆ ಮೈ ಬಿಸಿಯಾಗುವ ಮೊದಲೇ ಇಳಿಜಾರು ಸಿಗುತ್ತದೆ, ದಿನದ ಕೊನೆಗೆ ಕಾಲು ಸೋತಿರುವಾಗ ಮೂರ್ನಾಡಿನಿಂದ ಮಡಿಕೇರಿಯವರೆಗೆ ಏರು ಎದುರಾಗುತ್ತದೆ. ಮೂರ್ನಾಡಿನಿಂದ ಹೊರಟರೆ ಆ ಏರು ತಂಪು ಹೊತ್ತಿನಲ್ಲಿಯೇ ಮುಗಿಯುತ್ತದೆ, ಮಡಿಕೇರಿಯಲ್ಲಿ ತಿಂಡಿ ಮುಗಿಸಿಕೊಂಡು ಮುಂದುವರಿಯಬಹುದು. ಮಡಿಕೇರಿ ಇರುವುದು ಸುಮಾರು 1150 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮಂಗಳೂರು ರಸ್ತೆಯಲ್ಲಿ ತಾಳತ್ತಮನೆಯವರೆಗೆ ಮಾತ್ರ ಹೆದ್ದಾರಿಯ ವಾಹನಗಳ ನಡುವೆ ಎಚ್ಚರದಿಂದ ಹೋಗಿ ಎಡಕ್ಕೆ ತಿರುಗಿದರೆ, ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ, ಚೆಟ್ಟಿಮಾನಿಗಳ ಮೂಲಕ ಭಾಗಮಂಡಲದವರೆಗೆ ರಸ್ತೆ ನಡುನಡುವೆ ಸಣ್ಣ ಏರುಗಳನ್ನು ಇಟ್ಟುಕೊಂಡೇ ಒಟ್ಟಿನಲ್ಲಿ ಇಳಿಯುತ್ತ ಸಾಗುತ್ತದೆ. ಏಲಕ್ಕಿ ಸಂಶೋಧನಾ ಕೇಂದ್ರವಿರುವ ಅಪ್ಪಂಗಳದ ಸುತ್ತ ಮರಗಳ ನೆರಳು ಎಷ್ಟು ದಟ್ಟವೆಂದರೆ ಡಿಸೆಂಬರಿನಲ್ಲಿ ಹತ್ತು ಗಂಟೆಯಾದರೂ ರಸ್ತೆಯ ತೇವ ಆರಿರುವುದಿಲ್ಲ. ತಿರುವುಗಳಲ್ಲಿ ಪಾಚಿ ಇರುವ ಅಂಚನ್ನು ಬಿಟ್ಟು ಸವಾರಿ ಮಾಡಬೇಕು.

ಭಾಗಮಂಡಲದಲ್ಲಿ ನಿಂತಾಗ ತಲಕಾವೇರಿಗೆ ಹತ್ತಬೇಕೇ ಎಂಬ ಪ್ರಶ್ನೆ ಬರುತ್ತದೆ. ಎಂಟು ಕಿಲೋಮೀಟರಿನಲ್ಲಿ ಸುಮಾರು 380 ಮೀಟರ್ ಏರು, ಅಂದರೆ ನೂರು ಮೀಟರಿಗೆ ಐದು ಮೀಟರಿಗಿಂತ ತುಸು ಕಡಿಮೆ. ಇದು ಸರಾಸರಿ ಮಾತ್ರ. ಕೆಲವು ತಿರುವುಗಳು ಇದಕ್ಕಿಂತ ಕಡಿದಾಗಿವೆ. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ಗಾಲಿಯ ದೊಡ್ಡ ಬಿಲ್ಲೆಯಲ್ಲಿಯೂ 34 ಹಲ್ಲು ಇರುವ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು ತಿರುಗಿ ಸುಮಾರು ಎರಡು ಮೀಟರ್ ಮುಂದಕ್ಕೆ ಹೋಗುತ್ತದೆ. ಅಂಥ ಗೇರಿದ್ದವರು ಉಸಿರು ಕಟ್ಟಿಸಿಕೊಳ್ಳದೆ ಮೇಲೆ ತಲಪಬಹುದು. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಜನ ಸೇರುವಾಗ, ಹಾಗೂ ಶನಿವಾರ, ಭಾನುವಾರಗಳಲ್ಲಿ, ಸೈಕಲ್ಲಿನವರು ಈ ಏರಿನಿಂದ ದೂರವಿರುವುದು ಒಳ್ಳೆಯದು. ಭಕ್ತಿಯಿಂದ ಹೋಗುವವರ ಮಾತು ಬೇರೆ. ಸವಾರಿಯ ಸುಖಕ್ಕಾಗಿ ಹೋಗುವವರು ತಲಕಾವೇರಿಯನ್ನು ಬಿಟ್ಟರೆ ದೊಡ್ಡ ನಷ್ಟವಿಲ್ಲವೆಂದೇ ನಾನು ಹೇಳುತ್ತೇನೆ. ಈ ಸುತ್ತಿನ ಸೊಗಸು ಇರುವುದು ಅಲ್ಲಿಂದ ಮುಂದಿನ ಭಾಗದಲ್ಲಿ. ಭಾಗಮಂಡಲದಿಂದ ನಾಪೋಕ್ಲುವಿಗೆ ಹೋಗುವ ರಸ್ತೆಯಲ್ಲಿ ಎಡಬಲಕ್ಕೆ ಗದ್ದೆ, ಗದ್ದೆಯಾಚೆ ತೋಟ, ತೋಟದ ಅಂಚಿನಲ್ಲಿ ಎತ್ತರಕ್ಕೆ ಕಾಣುವ ಐನ್‌ಮನೆ ಎಂಬ ಕುಟುಂಬದ ಮೂಲಮನೆ, ಅದರ ಹಿಂದೆ ಬೆಟ್ಟದ ಸಾಲು. ನವೆಂಬರ್, ಡಿಸೆಂಬರಿನಲ್ಲಿ ಸುಗ್ಗಿಹಬ್ಬವಾದ ಪುತ್ತರಿಯ ಹೊತ್ತಿಗೆ ಬತ್ತ ಹೊಂಬಣ್ಣಕ್ಕೆ ತಿರುಗಿರುತ್ತದೆ. ಗದ್ದೆಗಳು ಪಾಳು ಬೀಳುತ್ತಿರುವುದೂ ಈ ದಾರಿಯಲ್ಲೇ ಕಣ್ಣಿಗೆ ಬೀಳುತ್ತದೆ. ಬತ್ತ ಬೆಳೆಯಲು ಆಳು ಸಿಗದೆ ಬಿಟ್ಟ ತಾಕುಗಳಲ್ಲಿ ಹುಲ್ಲು ಬೆಳೆದಿದೆ.

ನಾಪೋಕ್ಲುವಿನಲ್ಲಿ ಇನ್ನೂ ಶಕ್ತಿ ಉಳಿದಿದ್ದರೆ, ಅಥವಾ ಅಲ್ಲಿಯೇ ತಂಗಿ ಮರುದಿನಕ್ಕೆ ಬೇರೆ ದಾರಿ ಬೇಕೆನಿಸಿದರೆ, ಕಕ್ಕಬ್ಬೆಯ ಕಡೆಗೆ ತಿರುಗಬಹುದು. ಕೊಡವರ ದೇವರು ಪಾಡಿ ಇಗ್ಗುತ್ತಪ್ಪನ ನೆಲೆಯಾದ, ಒಂದು ಕಾಲಕ್ಕೆ ಜೇನಿಗೆ ಪ್ರಸಿದ್ಧವಾಗಿದ್ದ ಊರದು. ಎದುರಿಗೆ 1748 ಮೀಟರ್ ಎತ್ತರದ ತಡಿಯಂಡಮೋಳ್, ಕೊಡಗಿನ ಅತ್ಯುನ್ನತ ಶಿಖರ. ಶಿಖರಕ್ಕೆ ಸೈಕಲ್ ಹೋಗದು, ಕಾಲ್ನಡಿಗೆಯೇ ಗತಿ. ಆದರೆ 18ನೇ ಶತಮಾನದ ಕೊನೆಯಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯವರೆಗೆ ರಸ್ತೆಯಿದೆ. ದೂರ ಕಡಿಮೆ, ಏರು ಮಾತ್ರ ನಿರ್ದಯ. ಶತ್ರುವಿಗೆ ಸುಲಭವಾಗಿ ಸಿಗಬಾರದೆಂದು ಆರಿಸಿದ ಜಾಗ ಅದು ಎಂಬುದನ್ನು ಸೈಕಲ್ ಸವಾರನ ತೊಡೆಗಳು ಇತಿಹಾಸಕಾರರಿಗಿಂತ ಬೇಗ ಒಪ್ಪಿಕೊಳ್ಳುತ್ತವೆ. ಕಕ್ಕಬ್ಬೆಯಿಂದ ಕಡಂಗದ ಮೇಲೆ ವಿರಾಜಪೇಟೆಗೆ ಹೋಗುವ ದಾರಿ ನಾನು ಆಗಲೇ ಹೇಳಿದ ಎರಡನೆಯ ಬಗೆಯದು: ಉದ್ದಕ್ಕೂ ಏರಿಳಿತ, ಕಿರಿದಾದ ರಸ್ತೆ, ಕುರುಡು ತಿರುವುಗಳು. ತಿರುವಿಗೆ ಮೊದಲು ಗಂಟೆ ಬಾರಿಸುವುದಕ್ಕೆ ಇಲ್ಲಿ ಯಾರೂ ನಾಚಿಕೊಳ್ಳಬೇಕಿಲ್ಲ, ಏಕೆಂದರೆ ಎದುರಿನಿಂದ ಬರುವ ಜೀಪಿನವನಿಗೆ ಸೈಕಲ್ಲಿನ ಸದ್ದು ಕೇಳಿಸುವುದಿಲ್ಲ.

ಹೊಸಬರಿಗೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ದಕ್ಷಿಣ ಕೊಡಗು ಹೆಚ್ಚು ಅನುಕೂಲ. ಗೋಣಿಕೊಪ್ಪದಿಂದ ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲಗಳ ಮೂಲಕ ಕುಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ಅಗಲವಾದ ಗದ್ದೆ ಬಯಲುಗಳಿವೆ, ಬಲಕ್ಕೆ ಬ್ರಹ್ಮಗಿರಿಯ ಸಾಲು ಜೊತೆಯಾಗಿ ಬರುತ್ತದೆ. ಆ ಬೆಟ್ಟದಿಂದ ಇಳಿಯುವ ಲಕ್ಷ್ಮಣತೀರ್ಥ ಇರ್ಪುವಿನಲ್ಲಿ ಜಲಪಾತವಾಗಿ ಬೀಳುವುದನ್ನು ನೋಡಿ ಹಿಂದಿರುಗಿದರೆ ಒಂದು ದಿನದ ಸವಾರಿಗೆ ಸಾಕು. ಉತ್ತರದಲ್ಲಿ ಮಡಿಕೇರಿಯಿಂದ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರಗಳ ಮೂಲಕ ಸೋಮವಾರಪೇಟೆಗೆ ಸುಮಾರು 40 ಕಿಲೋಮೀಟರಿನ ಚೆಲುವಾದ ದಾರಿಯಿದೆ. 2018ರ ಆಗಸ್ಟಿನಲ್ಲಿ ಬೆಟ್ಟ ಕುಸಿದು ಮನೆ, ತೋಟಗಳು ಕೊಚ್ಚಿಹೋದ ಪ್ರದೇಶವಿದು ಎಂಬುದನ್ನು ಅಲ್ಲಿ ನಿಂತು ಚಿತ್ರ ತೆಗೆಯುವವರು ನೆನಪಿಟ್ಟುಕೊಂಡರೆ ಚೆನ್ನ.

ಇನ್ನು ಘಟ್ಟಗಳು. ಸಂಪಾಜೆ, ಕರಿಕೆ, ಮಾಕುಟ್ಟ, ಈ ಮೂರೂ ಕೊಡಗಿನ ಎತ್ತರವನ್ನು ಪಡುವಣ ಕಡೆಗೆ ಕಳೆದುಕೊಳ್ಳುವ ರಸ್ತೆಗಳು. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 25 ಕಿಲೋಮೀಟರಿನಲ್ಲಿ ಹೆಚ್ಚುಕಡಿಮೆ ಸಾವಿರ ಮೀಟರ್ ಏರಬೇಕು. ಹತ್ತುವುದು ಕಷ್ಟವಾದರೂ ಅಪಾಯ ಇರುವುದು ಇಳಿಯುವುದರಲ್ಲಿ. ಬ್ರೇಕನ್ನು ಒಂದೇ ಸಮನೆ ಅದುಮಿ ಹಿಡಿದರೆ ರಬ್ಬರು ಉಜ್ಜುವ ರಿಮ್ಮು ಬಿಸಿಯಾಗಿ ಟ್ಯೂಬು ಒಡೆಯಬಹುದು, ಡಿಸ್ಕ್ ಬ್ರೇಕಾದರೂ ಹಿಡಿತ ಕಳೆದುಕೊಳ್ಳಬಹುದು. ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟು, ನೇರ ದಾರಿಯಲ್ಲಿ ಬ್ರೇಕಿಗೆ ಗಾಳಿಯಾಡಲು ಬಿಡಬೇಕು. ಮಂಜು ಮುಸುಕಿದಾಗ ಹಿಂದಿನ ಕೆಂಪು ದೀಪ ಹಗಲಿನಲ್ಲಿಯೂ ಉರಿಯುತ್ತಿರಬೇಕು. ಸಂಪಾಜೆ ರಸ್ತೆ ರಾಷ್ಟ್ರೀಯ ಹೆದ್ದಾರಿ. ಬಸ್ಸು, ಲಾರಿಗಳು ಎಡೆಬಿಡದೆ ಓಡಾಡುವ ಅಲ್ಲಿ ಸೈಕಲ್ಲಿಗೆ ನಾನು ಯಾರನ್ನೂ ಹುರಿದುಂಬಿಸಲಾರೆ. ಭಾಗಮಂಡಲದಿಂದ ಕರಿಕೆಗೆ ಇಳಿಯುವ ದಾರಿ ಕಾಡಿನ ನಡುವಿನದು, ವಾಹನ ಕಡಿಮೆ, ಆದರೆ ಅಂಗಡಿಯೂ ಇಲ್ಲ, ಮೊಬೈಲಿಗೆ ಸಂಪರ್ಕವೂ ಎಲ್ಲೆಡೆ ಇಲ್ಲ. ಗೇರು ಸೈಕಲ್ಲಿನ ಬಿಡಿಭಾಗಗಳು ಸಣ್ಣ ಊರುಗಳಲ್ಲಿ ದೊರೆಯುವುದಿಲ್ಲವಾದ್ದರಿಂದ ಎರಡು ಟ್ಯೂಬು, ಪಂಪು, ಚೈನಿನ ಒಂದು ಕೊಂಡಿ ಜೊತೆಯಲ್ಲಿರಲಿ. ಟಯರು 28 ಮಿಲಿಮೀಟರಿಗಿಂತ ಕಿರಿದಾಗಿರುವುದು ಬೇಡ; ಮಳೆಗಾಲ ಕಿತ್ತುಹಾಕಿದ ಡಾಂಬರಿಗೆ ತೇಪೆ ಬೀಳುವುದಕ್ಕೆ ಕೆಲವು ಕಡೆ ಜನವರಿಯಾಗುತ್ತದೆ.

ಋತುವಿನ ಬಗ್ಗೆ ಹೇಳುವುದಾದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಮನೆಯಲ್ಲಿರಲಿ. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ. ಕಾಫಿ ಕೊಯ್ಲಿನ ಕಾಲವಾದ್ದರಿಂದ ಬೆಳಗ್ಗೆ ಕಾರ್ಮಿಕರನ್ನು ಕರೆತರುವ ಜೀಪುಗಳೂ ಸಂಜೆ ಹಣ್ಣಿನ ಚೀಲ ಸಾಗಿಸುವ ವಾಹನಗಳೂ ಒಳರಸ್ತೆಗಳಲ್ಲಿ ಹೆಚ್ಚು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಯಾವುದೋ ವಾರದಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನ ಕಳೆದಾಗ ತೋಟಗಳೆಲ್ಲ ಬಿಳಿಯಾಗಿ ಅರಳುತ್ತವೆ. ಅದನ್ನು ಮೊದಲೇ ದಿನ ಗೊತ್ತುಮಾಡಿ ನೋಡಲು ಬರುವುದಿಲ್ಲ, ಹತ್ತಿರದಲ್ಲಿರುವವರಿಗೆ ಒದಗುವ ಭಾಗ್ಯ ಅದು.

ಕೊನೆಯದಾಗಿ ಆನೆಯ ವಿಷಯ. ಸಿದ್ದಾಪುರ, ಮಾಲ್ದಾರೆ, ತಿತಿಮತಿಗಳ ಸುತ್ತ ಆನೆಗಳು ಕಾಡಿನಿಂದ ತೋಟಕ್ಕೆ, ತೋಟದಿಂದ ತೋಟಕ್ಕೆ ಹಗಲಿನಲ್ಲಿಯೂ ದಾಟುತ್ತವೆ. ಕೆಲಸಕ್ಕೆ ಹೊರಟ ಕಾರ್ಮಿಕರು ಅವುಗಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಿದ್ದಾರೆ. ಈ ಕಡೆಯ ರಸ್ತೆಗಳು ಹೊಳೆಯ ಬದಿಯವು, ಸಮತಟ್ಟಾದವು, ಸವಾರಿಗೆ ಹೇಳಿಮಾಡಿಸಿದವು ಎಂಬುದು ನಿಜವೇ. ಆದರೂ ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಐದರ ನಂತರ ಅಲ್ಲಿ ಸೈಕಲ್ ಓಡಿಸಬಾರದು. ಹೊರಡುವ ಮುನ್ನ ಚಹಾದಂಗಡಿಯಲ್ಲಿ ‘ಆನೆ ಎಲ್ಲಿದೆ’ ಎಂದು ಕೇಳಿದರೆ ಯಾರೂ ನಗುವುದಿಲ್ಲ, ನಿನ್ನೆ ರಾತ್ರಿ ಯಾರ ತೋಟದಲ್ಲಿತ್ತು ಎಂಬುದನ್ನೂ ಸೇರಿಸಿ ಹೇಳುತ್ತಾರೆ. ದಾರಿಯಲ್ಲಿ ಹಸಿ ಲದ್ದಿಯೋ ಮುರಿದ ಬೈನೆ ಮರವೋ ಕಂಡರೆ ನಿಂತು, ಹಿಂದಿನಿಂದ ಬರುವ ಬಸ್ಸಿಗೋ ಜೀಪಿಗೋ ಕಾದು, ಅದರ ಬೆನ್ನಿಗೆ ದಾಟಿಕೊಳ್ಳಬೇಕು. ಬಸ್ಸು ಬಾರದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಬೇಕು.

ನಮಸ್ಕಾರ.