30 ಸೆಕೆಂಡಿನ ಅರ್ಥಗಾರಿಕೆ

ಎಲ್ಲರಿಗೂ ನಮಸ್ಕಾರ.

ರಾತ್ರಿಯಿಡೀ ತಾಳಮದ್ದಳೆ ಕೇಳಿದ ಹಿರಿಯರು ಇಲ್ಲಿದ್ದೀರಿ. ರಾತ್ರಿಯಿಡೀ ಗೇಮ್ ಆಡುವ ಕಾಲೇಜಿನವರೂ ಇದ್ದೀರಿ. ಶಿರಸಿಯಲ್ಲಿ ಈ ಎರಡು ಗುಂಪು ಒಂದೇ ಸಭೆಯಲ್ಲಿ ಕೂರುವುದು ಕಡಿಮೆ. ನಾನು ಇವತ್ತು ಹೇಳಲಿರುವ ಆಟ ನಿಮ್ಮಿಬ್ಬರಿಗೂ ಸೇರಿದ್ದು ಎಂದು ನಾನು ನಂಬಿದ್ದೇನೆ.

ಆಟದ ಹೆಸರು ‘ಸ್ಲೀಪ್ ಈಸ್ ಡೆತ್’. ಅಮೆರಿಕದ ಜೇಸನ್ ರೋರರ್ ಇದನ್ನು 2010ರಲ್ಲಿ ಹೊರತಂದರು. 2007ರಲ್ಲಿ ಅವರು ‘ಪ್ಯಾಸೇಜ್’ ಎಂಬ ಪುಟ್ಟ ಗೇಮ್ ಮಾಡಿದ್ದರು. ಅದರಲ್ಲಿ ಒಬ್ಬ ಮನುಷ್ಯನ ಇಡೀ ಬದುಕು ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

‘ಸ್ಲೀಪ್ ಈಸ್ ಡೆತ್’ ಆಡಲು ಇಬ್ಬರು ಬೇಕು, ಎರಡು ಕಂಪ್ಯೂಟರ್ ಬೇಕು. ಒಬ್ಬರು ಆಟಗಾರ. ಅವರ ಕೈಯಲ್ಲಿರುವುದು ಒಂದೇ ಪಾತ್ರ. ಆ ಪಾತ್ರವನ್ನು ನಡೆಸಬಹುದು, ಅದರ ಬಾಯಲ್ಲಿ ಒಂದು ಮಾತು ಬರೆಯಬಹುದು, ಎದುರಿಗಿರುವ ವಸ್ತುವಿಗೆ ಏನು ಮಾಡುತ್ತೇನೆ ಎಂದು ಟೈಪ್ ಮಾಡಬಹುದು. ಇನ್ನೊಬ್ಬರು ನಿಯಂತ್ರಕ. ಉಳಿದ ಲೋಕವೆಲ್ಲ ಇವರದ್ದು. ಮನೆ, ಮರ, ಬೇರೆ ಪಾತ್ರಗಳು, ಅವುಗಳ ಮಾತು, ಸಂಗೀತ, ಎಲ್ಲ. ಒಂದು ಸರದಿಗೆ ಸಿಗುವುದು 30 ಸೆಕೆಂಡ್. ಆಮೇಲೆ ಸರದಿ ಇನ್ನೊಬ್ಬರಿಗೆ ಹೋಗುತ್ತದೆ. ಇಲ್ಲಿ ಅಂಕವಿಲ್ಲ, ಗೆಲುವಿಲ್ಲ. ಆಟ ಮುಗಿದಾಗ ಪ್ರತಿ ಸರದಿಯ ಚಿತ್ರವೂ ಸಾಲಾಗಿ ಉಳಿದಿರುತ್ತದೆ, ಪುಟ ತಿರುಗಿಸಿದ ಹಾಗೆ ಓದಬಹುದು.

ಕೇಳಲು ಸರಳ ಅಲ್ವಾ? ಆಡಲು ಕೂತರೆ ಬೇರೆ. ಒಂದು ಉದಾಹರಣೆ ಕೊಡುತ್ತೇನೆ.

ನಿಯಂತ್ರಕಿ ಅಘನಾಶಿನಿ ಹೊಳೆಯ ದೋಣಿ ಕಡವಿನ ಚಿತ್ರ ಬರೆದಿಟ್ಟಿದ್ದಾಳೆ ಎಂದುಕೊಳ್ಳಿ. ಆಚೆ ದಡದ ತದಡಿಗೆ ದಾಟುವ ದೋಣಿ ಇದೆ. ನಡು ಹೊಳೆಯಲ್ಲಿ ಗಾಳಿಮಳೆ ಬರಬೇಕು ಎಂದು ಯೋಚಿಸಿದ್ದಾಳೆ. ಕಪ್ಪು ಮೋಡ, ಮಗುಚುವ ದೋಣಿ, ಎಲ್ಲ ಮೊದಲೇ ತಯಾರು. ಇಳಿತದ ಹೊತ್ತು ಎಂದು ತೋರಿಸಲು ದಡದ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಒಬ್ಬ ಅಜ್ಜಿಯನ್ನೂ ಸುಮ್ನೆ ಇಟ್ಟಿದ್ದಾಳೆ. ಆಟಗಾರ ಬರುತ್ತಾನೆ. ದೋಣಿಯ ಕಡೆ ತಿರುಗಿಯೂ ನೋಡುವುದಿಲ್ಲ. ನೇರ ಅಜ್ಜಿಯ ಹತ್ತಿರ ಹೋಗಿ, ‘ಅಮ್ಮಾ, ನನ್ನ ಗುರುತು ಸಿಕ್ಕಿತಾ?’ ಎಂದು ಬರೆಯುತ್ತಾನೆ.

ಈಗ 30 ಸೆಕೆಂಡ್ ಓಡುತ್ತಿದೆ. ಆ ಅಜ್ಜಿಗೆ ಹೆಸರಿಲ್ಲ, ಕಥೆಯಿಲ್ಲ. ಅವಳು ಯಾರ ಅಮ್ಮನೂ ಆಗಿರಲಿಲ್ಲ. ನಿಯಂತ್ರಕಿಗೆ ಎರಡು ದಾರಿ ಇವೆ. ಅಜ್ಜಿಯ ಬಾಯಲ್ಲಿ ‘ದೋಣಿ ಹೊರಟಿತು ತಮಾ, ಹತ್ತು’ ಎಂದು ಹೇಳಿಸಿ ಹುಡುಗನನ್ನು ತನ್ನ ಮಳೆಗೆ ತಳ್ಳಬಹುದು. ಅಥವಾ ಮೋಡ, ದೋಣಿ ಎಲ್ಲ ಬಿಟ್ಟು, ಅಜ್ಜಿಯ ಕೈಯಿಂದ ಬುಟ್ಟಿ ಕೆಳಗೆ ಬೀಳಿಸಬಹುದು. ಬುಟ್ಟಿಯನ್ನು ಎರಡು ಚೌಕ ಕೆಳಗೆ ಸರಿಸಿದರೆ ಸಾಕು. ಒಂದು ಮಾತೂ ಬೇಡ. ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕಥೆ ಈಗ ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿಲ್ಲ.

ಈ ಆಟದ ಜೀವ ಇಲ್ಲೇ ಇದೆ. ಲೋಕವೆಲ್ಲ ಯಾರ ಕೈಯಲ್ಲಿದೆಯೋ ಅವರೇ ಹೆಚ್ಚು ಬಿಟ್ಟುಕೊಡಬೇಕು. ಬೇರೆ ಗೇಮ್‌ಗಳಲ್ಲಿ ಕಥೆಗೆ ಕವಲು ಇರುತ್ತದೆ ನಿಜ. ಆದರೆ ಆ ಕವಲುಗಳನ್ನು ಯಾರೋ ಮೊದಲೇ ಬರೆದಿರುತ್ತಾರೆ. ‘ನನ್ನ ಗುರುತು ಸಿಕ್ಕಿತಾ’ ಎಂದು ಕೇಳಲು ಅಲ್ಲಿ ಬಟನ್ ಇರುವುದಿಲ್ಲ.

ತಾಳಮದ್ದಳೆ ಬಲ್ಲವರಿಗೆ ಇದು ಹೊಸದಲ್ಲ. ಅದು ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅಲ್ಲೇ ಮಾತು ಕಟ್ಟುತ್ತಾರೆ. ವಾಲಿವಧೆಯನ್ನೇ ನೋಡಿ. ಬಾಣ ತಾಗಿ ಬಿದ್ದ ವಾಲಿ, ‘ಮರೆಯಲ್ಲಿ ನಿಂತು ಹೊಡೆದೆಯಲ್ಲ’ ಎಂದು ರಾಮನನ್ನು ಕೇಳಬೇಕು. ಅದು ಎಲ್ಲರಿಗೂ ಗೊತ್ತು. ಆದರೆ ಇವತ್ತಿನ ವಾಲಿ ಅದನ್ನು ಯಾವ ಮಗ್ಗುಲಿಂದ ಕೇಳುತ್ತಾನೆ ಎಂದು ಎದುರಿಗೆ ಕೂತ ರಾಮನಿಗೆ ಗೊತ್ತಿಲ್ಲ. ಮನೆಯಿಂದ ತಯಾರಿ ಮಾಡಿ ತಂದ ಉತ್ತರ ಈ ಪ್ರಶ್ನೆಗೆ ಹೊಂದದಿದ್ದರೆ ಅದನ್ನು ಅಲ್ಲೇ ಬಿಡಬೇಕು. ಎದುರಾಳಿಯ ಮಾತು ಕೇಳದೆ ತನ್ನದೇ ಒಪ್ಪಿಸುವ ಅರ್ಥಧಾರಿಯನ್ನು ಸಭೆ ತಕ್ಷಣ ಗುರುತಿಸುತ್ತದೆ. ಎಷ್ಟು ಪಾಂಡಿತ್ಯ ಇದ್ದರೂ ಅಷ್ಟೇ.

ಒಂದು ದೊಡ್ಡ ವ್ಯತ್ಯಾಸವೂ ಇದೆ. ತಾಳಮದ್ದಳೆಯಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಬದುಕುವುದಿಲ್ಲ. ಮಾತು ಜಾಸ್ತಿ ದೂರ ಹೋದರೆ ಭಾಗವತರ ಮುಂದಿನ ಪದ್ಯ ಅದನ್ನು ಪ್ರಸಂಗಕ್ಕೆ ಕರೆದು ತರುತ್ತದೆ. ಈ ಆಟದಲ್ಲಿ ಪದ್ಯವೇ ಇಲ್ಲ. ನಿಯಂತ್ರಕರೇ ಭಾಗವತರು, ಅವರೇ ಎದುರಿನ ಅರ್ಥಧಾರಿ, ಅವರೇ ರಂಗ. ಹಾಗಾಗಿ ನನಗೆ ಇದು ತಾಳಮದ್ದಳೆಗಿಂತ ಸುಲಭ ಅನ್ನಿಸುವುದಿಲ್ಲ. ಪ್ರಸಂಗದ ಆಸರೆ ಇಲ್ಲದೆ ಮಾತು ಕಟ್ಟುವುದು ನಿಜಕ್ಕೂ ಕಷ್ಟ.

ಇನ್ನು ಚಿತ್ರದ ವಿಷಯ. ಇದು ಹಳೆ ಕಾಲದ ಗೇಮ್‌ಗಳ ಹಾಗೆ ಚೌಕ ಚೌಕವಾಗಿದೆ. ಬರೀ ಹಳೆಯದರ ಮೋಹ ಎಂದು ತಳ್ಳಿಹಾಕಬೇಡಿ. ನೈಜವಾದ ಮುಖವನ್ನು 30 ಸೆಕೆಂಡಿನಲ್ಲಿ ಬದಲಾಯಿಸಲು ಯಾರಿಗೂ ಆಗದು. ಕೆಲವೇ ಚೌಕಗಳ ಮುಖವಾದರೆ ಒಂದು ಚೌಕದ ಬಣ್ಣ ಬದಲಿಸಿದರೆ ಕಣ್ಣು ಮುಚ್ಚುತ್ತದೆ. ಚಿತ್ರಕಲೆ ಕಲಿಯದವರೂ ಇದನ್ನು ಮಾಡಬಹುದು. ನಮ್ಮ ಸೀಮೆಯ ಹಸೆ ಚಿತ್ತಾರದಲ್ಲಿ ಗೆರೆ, ತ್ರಿಕೋನಗಳಲ್ಲೇ ಮದುಮಕ್ಕಳನ್ನು ಕೂರಿಸುತ್ತಾರೆ. ಕಣ್ಣು ಮೂಗು ಇಲ್ಲದಿದ್ದರೂ ನೋಡುವವರಿಗೆ ಅದು ಮದುವೆಯೇ. ಚಿತ್ರ ಕಡಿಮೆ ಹೇಳಿದಷ್ಟು ನೋಡುವವರ ಮನಸ್ಸು ಜಾಸ್ತಿ ಕೆಲಸ ಮಾಡುತ್ತದೆ.

ಈಗಂತೂ ಕಥೆ ಹೇಳಲು ಯಂತ್ರವೇ ಇದೆ. ‘ಎಐ ಡಂಜನ್’ 2019ರಲ್ಲೇ ಬಂತು. ನೀವು ಏನು ಬರೆದರೂ ಅದು ಮುಂದುವರಿಸುತ್ತದೆ. ಆದರೆ ಅದು ತಬ್ಬಿಬ್ಬಾಗುವುದಿಲ್ಲ. ಎದುರಿನವರು ತಬ್ಬಿಬ್ಬಾಗಿ, ಮರುಕ್ಷಣ ಸಾವರಿಸಿಕೊಂಡು ಉತ್ತರ ಕೊಟ್ಟರು ನೋಡಿ, ಆ ಸಂತೋಷ ನನಗೆ ಯಂತ್ರದಿಂದ ಸಿಕ್ಕಿಲ್ಲ.

ಗೇಮ್ ಬರೆಯುವ ಆಸೆ ಇರುವವರಿಗೆ ಒಂದು ಮಾತು. ಈ ಆಟದಲ್ಲಿ ಕನ್ನಡ ಅಕ್ಷರ ಬರುವುದಿಲ್ಲ. ನಮ್ಮದೇ ಒಂದು ಬೇಕು, ಮತ್ತು ಅಲ್ಲಿ ನಿಜವಾದ ಕೆಲಸವಿದೆ. ಇಂಗ್ಲಿಷಿನ ದೊಡ್ಡ ಅಕ್ಷರ ಐದು ಚೌಕ ಅಗಲ, ಏಳು ಚೌಕ ಎತ್ತರದಲ್ಲಿ ಕೂರುತ್ತದೆ. ನಮ್ಮಲ್ಲಿ ‘ಸ್ತ್ರೀ’ ಬರೆಯಿರಿ. ತಲೆಯ ಮೇಲೆ ಗುಣಿತ, ಕೆಳಗೆ ತ ಒತ್ತು, ಜೊತೆಗೆ ರ ಒತ್ತು. ಎತ್ತರ ಸಾಲದು. ಅಕ್ಷರ ದೊಡ್ಡದು ಮಾಡಿದರೆ ಮಾತಿನ ಗುಳ್ಳೆ ಪರದೆಯನ್ನೇ ತುಂಬುತ್ತದೆ. 30 ಸೆಕೆಂಡ್ ಕೂಡ ಕನ್ನಡ ಟೈಪ್ ಮಾಡುವವರಿಗೆ ಸಾಲುತ್ತದಾ ಎಂದು ಆಡಿಯೇ ನೋಡಬೇಕು. ಧ್ವನಿಯಲ್ಲೇ ಮಾತಾಡಿಸಿದರೆ ಹೇಗೆ? ಅರ್ಥಧಾರಿಗಳ ಊರಿನಲ್ಲಿ ಅದೇ ಸರಿಯಾದ ದಾರಿ ಇರಬಹುದು. ರೋರರ್ ತಮ್ಮ ಈ ಆಟದ ಮೂಲ ಕೋಡನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ತೆರೆದು ನೋಡಲು ಯಾರ ಅನುಮತಿಯೂ ಬೇಡ.

ಚಹಾ ಆದ ಮೇಲೆ ಹಿಂದಿನ ಕೋಣೆಗೆ ಬನ್ನಿ. ಎರಡು ಲ್ಯಾಪ್‌ಟಾಪ್ ಇಟ್ಟಿದ್ದೇವೆ. ಸದ್ಯಕ್ಕೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ನನ್ನದೊಂದು ಕೋರಿಕೆ: ಅರ್ಥ ಹೇಳುವ ಹಿರಿಯರು ನಿಯಂತ್ರಕರಾಗಿ ಕೂರಲಿ, ಮೌಸ್ ಹಿಡಿಯಲು ಪಕ್ಕದಲ್ಲಿ ಒಬ್ಬ ಹುಡುಗಿಯೋ ಹುಡುಗನೋ ಇರಲಿ. ಎದುರಿಗೆ ಯಾರು ಬೇಕಾದರೂ ಆಡಬಹುದು.